ತೆಗೆದಿಟ್ಟ ಪಾವಲಿ

ಪಕ್ಕದ ಮನೆಯವಳು ತನ್ನ ಮಗನಿಗೆ ಮಾತು ಬರಲಿ ಎಂದು ದೇವರಿಗೆ ತೆಗೆದಿಟ್ಟಿದ್ದ ಪಾವಲಿ ನಾಣ್ಯವೊಂದನ್ನು ನಾನು ಶಾಲೆಯ ಪ್ರದರ್ಶನಕ್ಕೆಂದು ಎತ್ತಿಕೊಂಡು ಬಂದೆ. ಕದ್ದದ್ದಲ್ಲ. ಅವಳ ಕಣ್ಣೆದುರಿಗೇ ಎತ್ತಿ, ಉಪಕಾರವಾಯಿತೆಂದು ಹೇಳಿ ಬಂದೆ. ಅದೇ ಸಂಜೆ ಅದನ್ನು ಬೇರೆ ಎಂಟು ಪಾವಲಿಗಳ ಜೊತೆ ಸೋಪಿನ ನೀರಿಗೆ ಹಾಕಿ, ತಿಕ್ಕಿ, ಒರೆಸಿ ಒಂದೇ ಡಬ್ಬಿಗೆ ಸುರಿದೆ. ಆಮೇಲೆ ಆ ಒಂಬತ್ತರಲ್ಲಿ ಅವಳದ್ದು ಯಾವುದೆಂದು ನನಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಇಷ್ಟು ವರ್ಷವಾದ ಮೇಲೂ ನೆನೆದರೆ ತಲೆ ಗೊಂದಲದ ಗೂಡಾಗುತ್ತದೆ.

ಆಗ ನಾವು ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿದ್ದೆವು. ಎರಡು ಸಾವಿರದ ದಶಕದ ನಡುವಿನ ವರ್ಷಗಳು. ದೋಹಾದಲ್ಲಿ ಎಲ್ಲಿ ನೋಡಿದರೂ ಅಗೆತ. ನಿನ್ನೆ ಹೋದ ದಾರಿ ಇವತ್ತು ಇರುತ್ತಿರಲಿಲ್ಲ, ಶಾಲೆಯ ಬಸ್ಸು ದಿನಕ್ಕೊಂದು ಸುತ್ತು ಹಾಕಿಕೊಂಡು ಬರುತ್ತಿತ್ತು. ನಾನು ಭಾರತೀಯ ಮಕ್ಕಳ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಮೂಗಿನ ತುದಿಯಲ್ಲಿ ಸಿಟ್ಟು ಇರುವವಳೆಂದು ಶಾಲೆಯಲ್ಲಿ ಹೆಸರಾಗಿದ್ದೆ. ಹೆಸರು ಸುಳ್ಳೇನೂ ಅಲ್ಲ.

ಆ ವರ್ಷದ ಪ್ರದರ್ಶನಕ್ಕೆ ಹಳೆಯ ಕಾಲದ ಸಂತೆಯೊಂದನ್ನು ಜೀವಂತವಾಗಿ ಕಟ್ಟಬೇಕೆಂದು ನಾನೇ ಹೊರಟದ್ದು. ಮಕ್ಕಳೇ ಮುತ್ತಿನ ವ್ಯಾಪಾರಿಗಳು, ಮಕ್ಕಳೇ ಹಡಗಿನವರು. ನೋಡಲು ಬಂದವರು ಬಾಗಿಲಲ್ಲಿ ಹಳೆಯ ನಾಣ್ಯ ಪಡೆದುಕೊಂಡು, ಅದನ್ನೇ ಕೊಟ್ಟು ಖರ್ಜೂರವನ್ನೋ ಬಟ್ಟೆಯನ್ನೋ ಕೊಳ್ಳಬೇಕು. ಈ ದೇಶಕ್ಕೆ ತನ್ನದೇ ಹಣ ಬರುವ ಮೊದಲು ಇಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. ಮುತ್ತು ಮಾರಿದ್ದು ರೂಪಾಯಿಗೆ, ಅಕ್ಕಿ ಕೊಂಡದ್ದು ಆಣೆಗೆ. ನನ್ನ ತರಗತಿಯ ಮಕ್ಕಳು ಇದನ್ನು ನಂಬಲೇ ಇಲ್ಲ. ‘ಮಿಸ್, ಇಂಡಿಯನ್ ರುಪೀನಾ?’ ಎಂದು ನಕ್ಕರು. ಆ ನಗು ಕೇಳಿ ನನಗೆ ಹಟ ಬಂತು. ಪ್ಲಾಸ್ಟಿಕ್ ನಾಣ್ಯ ಸಾಕು ಎಂದ ಪ್ರಿನ್ಸಿಪಾಲರಿಗೆ ಸಾಲದು ಎಂದೆ.

ನಿಜವಾದ ನಾಣ್ಯವೇ ಬೇಕು, ಅದೂ ಸವೆದದ್ದು ಬೇಕು. ಹೊಳೆಯುವ ನಾಣ್ಯ ಸಂತೆ ಕಂಡದ್ದಲ್ಲ, ಪೆಟ್ಟಿಗೆಯೊಳಗೆ ಇದ್ದದ್ದು ಎನ್ನುವುದು ನನ್ನ ವಾದ. ಸೂಕ್ ಎಂಬ ಹಳೆಯ ಪೇಟೆಯ ಒಂದು ಗಲ್ಲಿಯಲ್ಲಿ ಹಳೆಯ ಸಾಮಾನು ಮಾರುವ ಮುದುಕನಿದ್ದ. ಅವನು ನಾಣ್ಯಗಳನ್ನು ತಿಕ್ಕಿ ತಿಕ್ಕಿ ಫಳಫಳ ಮಾಡಿ ಗಾಜಿನಡಿ ಜೋಡಿಸಿಟ್ಟಿದ್ದ. ನಾನು ಅವುಗಳನ್ನು ಬಿಟ್ಟು ಕೆಳಗಿನ ತಗಡಿನ ಡಬ್ಬಿಗೆ ಕೈ ಹಾಕಿದರೆ ಅವನಿಗೆ ಸಂಕಟ. ‘ಮೇಡಂ, ಯೇ ಮಾಫಿ ಜೈನ್,’ ಇದು ಚೆನ್ನಾಗಿಲ್ಲ ಎಂದು ನನ್ನ ಕೈಯಿಂದ ಕಿತ್ತುಕೊಂಡು ಹೊಳೆಯುವುದೊಂದನ್ನು ಇಡುತ್ತಿದ್ದ. ನಾನು ಅದನ್ನು ವಾಪಸ್ಸಿಟ್ಟು ಸವೆದದ್ದನ್ನೇ ಎತ್ತಿಕೊಳ್ಳುತ್ತಿದ್ದೆ. ಮೂರು ಸಲ ಹೀಗಾದ ಮೇಲೆ ಇವಳ ತಲೆ ಸರಿ ಇಲ್ಲ ಎಂದು ತೀರ್ಮಾನಿಸಿ, ನಾನು ಹೋದಾಗಲೆಲ್ಲ ಒಂದು ಲೋಟ ಚಹಾ ಕೊಟ್ಟು ಸುಮ್ಮನೆ ಕೂರುತ್ತಿದ್ದ. ಅವನಿಂದ ಸಿಕ್ಕಿದ್ದು ನಾಲ್ಕು ಪಾವಲಿ, ಒಂದಿಷ್ಟು ಒಂದಾಣೆ, ಎರಡಾಣೆ. ಪಾವಲಿ ಎಂದರೆ ನಾಲ್ಕಾಣೆಯ ಪುಟ್ಟ ಬೆಳ್ಳಿ ನಾಣ್ಯ, ಕಾಲು ರೂಪಾಯಿ.

ಉಳಿದದ್ದಕ್ಕೆ ಊರಿನವರನ್ನು ಹಿಡಿದೆ. ಬೇಸಗೆ ರಜೆಗೆ ಹೊರಟ ಮಂಗಳೂರು, ಉಡುಪಿ ಕಡೆಯ ಎಲ್ಲರ ಬೆನ್ನು ಬಿದ್ದೆ. ಅಜ್ಜಿಯರ ಡಬ್ಬಿಯಲ್ಲಿ ಬಿದ್ದಿರುವ ಸವಕಲು ನಾಣ್ಯ ಯಾವುದಿದ್ದರೂ ತನ್ನಿ ಎಂದು ಹೇಳಿ ಕಳಿಸಿದೆ. ರಜೆ ಮುಗಿಸಿ ಬಂದವರು ಹಪ್ಪಳ, ಕುಚ್ಚಲಕ್ಕಿಯ ಜೊತೆ ಕಾಗದದ ಪೊಟ್ಟಣದಲ್ಲಿ ಒಂದೋ ಎರಡೋ ತಂದು ಕೊಟ್ಟರು. ಪಕ್ಕದ ಮನೆಯವಳೂ ತನ್ನ ಅಮ್ಮನ ಮನೆಯಿಂದ ಕಾಫಿ ಡಬ್ಬಿಯಲ್ಲಿ ಒಂದು ಹಿಡಿ ತಂದಿದ್ದಳು. ಮನೆ ಚೊಕ್ಕ ಮಾಡುವಾಗ ಹುಡುಕಿ ಕೊಡುತ್ತೇನೆ ಎಂದಿದ್ದಳು.

ಅವಳು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಗಂಡ ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಟೆಕ್ನಿಷಿಯನ್, ಬೆಳಕು ಹರಿಯುವ ಮೊದಲು ಕಂಪನಿಯ ಬಸ್ಸು ಹತ್ತುವವನು. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಒಬ್ಬನೇ ಮಗ, ನಾಲ್ಕು ತುಂಬಲು ಕೆಲವು ತಿಂಗಳು ಬಾಕಿ. ಆ ಹುಡುಗನನ್ನು ಕಂಡರೆ ನನಗೆ ಬಹಳ ಮೆಚ್ಚುಗೆ. ದಿನವಿಡೀ ನಲವತ್ತು ಮಕ್ಕಳ ಗಲಾಟೆಯಲ್ಲಿ ಕಿವಿ ಕೆಟ್ಟು ಬಂದವಳಿಗೆ ಅವನು ಮೂಲೆಯಲ್ಲಿ ಕೂತು ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಇಡುವುದನ್ನು ನೋಡುವುದೇ ಆರಾಮ. ‘ಎಂಥಾ ಒಳ್ಳೆ ಮಗು ಮಾರಾಯ್ತಿ, ಒಂದು ಮಾತಿಲ್ಲ! ನನ್ನ ಕ್ಲಾಸಿಗೆ ಇಂಥವು ಹತ್ತು ಕೊಡು,’ ಎಂದು ಎಷ್ಟೋ ಸಲ ಹೇಳಿದ್ದೆ. ಅವಳು ಪ್ರತಿ ಸಲವೂ ನಕ್ಕಿದ್ದಳು.

ನವೆಂಬರಿನ ಒಂದು ಮಧ್ಯಾಹ್ನ ಕಟ್ಟಡಕ್ಕೆಲ್ಲ ಜಿರಳೆ ಮದ್ದು ಹೊಡೆಯುವವರು ಬಂದರು. ಆ ದಿನ ಎಲ್ಲರೂ ಅಡುಗೆಮನೆಯ ಕಪಾಟು ಖಾಲಿ ಮಾಡಿಡಬೇಕು. ನಾನು ಅವಳ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಅಕ್ಕಿ, ಬೇಳೆ, ಉಪ್ಪಿನಕಾಯಿ ಭರಣಿ, ಪೇಪರಿನಲ್ಲಿ ಸುತ್ತಿಟ್ಟ ಫೋಟೋಗಳು, ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. ಕಾಫಿ ಡಬ್ಬಿ ನನಗಾಗಿಯೇ ಎದ್ದು ಕಾಣುವ ಹಾಗೆ ಅಂಚಿನಲ್ಲಿತ್ತು. ಅದರ ಪಕ್ಕ ಕ್ಲಿನಿಕ್ಕಿನಲ್ಲಿ ಮಾತ್ರೆ ಹಾಕಿ ಕೊಡುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿ. ಅಲುಗಾಡಿಸಿದೆ. ಠಣ್ ಎಂದಿತು.

‘ಇದ್ರಲ್ಲಿ ಎಂತ ಉಂಟು?’ ಎಂದು ಕೇಳಿದೆ.

ಅವಳು ಬಾಗಿಲಲ್ಲಿದ್ದಳು. ಮದ್ದಿನವನು ಹೊರಗೆ ಹೋಗಿ ಎಂದು ಹಿಂದಿಯಲ್ಲಿ ಅವಸರ ಮಾಡುತ್ತಿದ್ದ. ಮಗ ಅವಳ ಚೂಡಿದಾರದ ಶಾಲು ಹಿಡಿದು ಎಳೆಯುತ್ತಿದ್ದ. ಅಲ್ಲಿಂದಲೇ ತಿರುಗಿ, ‘ಪಾವಲಿ, ಟೀಚರಕ್ಕ. ಅದು ತೆಗೆದಿಟ್ಟದ್ದು,’ ಎಂದಳು.

ನನಗೆ ಎಷ್ಟು ಸಂತೋಷವಾಯಿತೆಂದರೆ! ನನಗೆ ಪಾವಲಿಯೇ ಕಡಿಮೆ ಇರುವುದು ಗೊತ್ತಿದ್ದು, ಪಾಪ, ಬೇರೆಯಾಗಿ ತೆಗೆದಿಟ್ಟಿದ್ದಾಳೆ. ‘ತುಂಬಾ ಉಪಕಾರ ಆಯ್ತು ಮಾರಾಯ್ತಿ,’ ಎಂದು ಎರಡೂ ಡಬ್ಬಿ ಚೀಲಕ್ಕೆ ಹಾಕಿಕೊಂಡೆ. ಅವಳು ಕಾಫಿ ಡಬ್ಬಿಯನ್ನಷ್ಟೇ ನೋಡಿ ತಲೆಯಾಡಿಸಿದಳು. ಸಂಜೆ ಎಲ್ಲವನ್ನೂ ತೊಳೆದೆ. ಮಕ್ಕಳ ಕೈಗೆ ಹೋಗುವ ವಸ್ತು, ಚೊಕ್ಕವಿರಬೇಕಲ್ಲ.

ಮೂರನೇ ದಿನ ಅವಳು ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ‘ಟೀಚರಕ್ಕ, ಒಂದು ಸಣ್ಣ ಮಾತ್ರೆ ಡಬ್ಬಿ ಕಂಡದ್ದುಂಟಾ ನೀವು?’

‘ಅದು ನಾನೇ ತಗೊಂಡೆ ಅಲ್ವಾ? ತೆಗೆದಿಟ್ಟದ್ದು ಅಂತ ನೀನೇ ಹೇಳಿದ್ದಲ್ಲ?’

ಅವಳ ಮುಖ ಬಿಳಿಚಿಕೊಂಡಿತು. ‘ತೆಗೆದಿಟ್ಟದ್ದು ಅಂದ್ರೆ... ದೇವರಿಗೆ ತೆಗೆದಿಟ್ಟದ್ದು.’

ಆ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಅರ್ಥವಾಯಿತು, ಅದೇ ಹೊಟ್ಟೆ ಉರಿಯುವ ಸಂಗತಿ. ಅರ್ಥವಾಗದ ಮಾತೇನೂ ಅಲ್ಲ. ನನ್ನ ಅಮ್ಮ ನಮಗೆ ಜ್ವರ ಬಿಡದಿದ್ದರೆ ಒಂದು ನಾಣ್ಯ ನಿವಾಳಿಸಿ ದೇವರ ಮುಂದೆ ತೆಗೆದಿಡುತ್ತಿದ್ದಳು. ತೆಗೆದಿಟ್ಟ ದುಡ್ಡು ಮುಟ್ಟಬೇಡ ಎಂದು ನನ್ನ ಕೈಗೆ ಏಟು ಬಿದ್ದದ್ದೂ ಉಂಟು. ಆ ಅರ್ಥ ಮೇಜಿನ ಬಳಿ ನಿಂತಾಗ ಎಲ್ಲಿಗೆ ಹೋಗಿತ್ತು? ಅರಿಶಿನದ ಬಟ್ಟೆಯಲ್ಲಿ ಕಟ್ಟಿದ್ದರೆ ಗೊತ್ತಾಗುತ್ತಿತ್ತು, ದೇವರ ಫೋಟೋದ ಮುಂದೆ ಇದ್ದಿದ್ದರೆ ಗೊತ್ತಾಗುತ್ತಿತ್ತು. ಜಿರಳೆ ಮದ್ದಿನವರನ್ನು ಬೈದೆ. ಅವಳ ಮಾತ್ರೆ ಡಬ್ಬಿಯನ್ನು ಬೈದೆ. ಬೈದು ಮುಗಿದ ಮೇಲೆ ಉಳಿದವಳು ನಾನೊಬ್ಬಳೇ.

‘ಯಾಕೆ ತೆಗೆದಿಟ್ಟದ್ದು?’ ಎಂದು ಕೇಳಿದೆ. ಕೇಳುವಾಗಲೂ ಸಣ್ಣಪುಟ್ಟ ವಿಷಯವಿರಬಹುದು ಎಂದೇ ಎಣಿಸಿದ್ದೆ.

ಅವಳು ಮಗನನ್ನು ಕೆಳಗಿಳಿಸಿದಳು. ‘ಇವ ಮಾತಾಡುವುದಿಲ್ಲ ಅಲ್ವಾ ಟೀಚರಕ್ಕ. ಅಮ್ಮ ಅಂತ ಸಹ ಹೇಳುವುದಿಲ್ಲ. ಮಾತು ಬಂದ್ರೆ ಗೋವೆಗೆ ಹೋಗಿ ಕುಲದೇವರಿಗೆ ಹಾಕ್ತೇನೆ ಅಂತ ತೆಗೆದಿಟ್ಟದ್ದು. ಇವನ ಅಪ್ಪನಿಗೆ ಮಾತ್ರ ಗೊತ್ತಿತ್ತು.’

ಒಳ್ಳೆ ಮಗು, ಒಂದು ಮಾತಿಲ್ಲ ಎಂದು ನಾನು ಹೊಗಳಿದಾಗಲೆಲ್ಲ ಅವಳು ನಕ್ಕದ್ದು ನೆನಪಾಯಿತು. ನಾಚಿಕೆಯಿಂದ ನೆಲ ನೋಡುತ್ತಾ ನಿಂತೆ. ಮಕ್ಕಳಿಗೆ ಪಾಠ ಹೇಳುವುದನ್ನೇ ಉದ್ಯೋಗ ಮಾಡಿಕೊಂಡವಳು ಒಂದು ವರ್ಷ ಎದುರಿಗಿದ್ದ ಮಗುವನ್ನು ನೋಡಿರಲಿಲ್ಲ. ಅವಳು ಹೇಳುತ್ತಾ ಹೋದಳು. ಡಾಕ್ಟರು ಕಿವಿ ಸರಿ ಇದೆ ಎಂದಿದ್ದಾರೆ. ಮನೆಯಲ್ಲಿ ಕೊಂಕಣಿ, ಟೀವಿಯಲ್ಲಿ ಹಿಂದಿ, ನರ್ಸರಿಯಲ್ಲಿ ಇಂಗ್ಲಿಷು, ಅಲ್ಲಿನ ಆಯಾ ಮಲಯಾಳಿ, ಮಗುವಿಗೆ ಗೊಂದಲವಾಗಿರಬಹುದು, ಒಂದೇ ಭಾಷೆ ಮಾತಾಡಿ, ಇಂಗ್ಲಿಷೇ ಒಳ್ಳೆಯದು ಎಂದಿದ್ದಾರೆ. ಅಂದಿನಿಂದ ಅವಳು ಮಗನೊಂದಿಗೆ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಮಾತ್ರ ಮಾತಾಡುತ್ತಿದ್ದಳು. ಕಮ್, ಈಟ್, ಸ್ಲೀಪ್. ‘ಇಂಗ್ಲಿಷಲ್ಲಿ ಮುದ್ದು ಮಾಡುವುದು ಹೇಗೆ ಟೀಚರಕ್ಕ? ನಂಗೆ ಬರುವುದಿಲ್ಲ,’ ಎಂದಳು. ಇಂಗ್ಲಿಷ್ ಮೀಡಿಯಂ ಟೀಚರಾದ ನನಗೂ ಅದು ಬರುತ್ತಿರಲಿಲ್ಲ.

ಡಬ್ಬಿ ತಂದು ಒಂಬತ್ತು ಪಾವಲಿಗಳನ್ನು ಸ್ಟೀಲಿನ ತಟ್ಟೆಯ ಮೇಲೆ ಹರಡಿದೆ. ಸೂಕ್‌ನವನ ನಾಲ್ಕನ್ನು ಬೇರೆ ಮಾಡಿಬಿಡಬಹುದು, ನಾನೇ ಆರಿಸಿ ತಂದದ್ದಲ್ಲವೇ ಎಂದುಕೊಂಡಿದ್ದೆ. ಆಗಲಿಲ್ಲ. ಒಂದನ್ನು ಇದು ಸೂಕ್‌ನದೇ ಎಂದು ಪಕ್ಕಕ್ಕಿಡುತ್ತಿದ್ದೆ, ಮರುಕ್ಷಣ ಅನುಮಾನ ಬಂದು ಮತ್ತೆ ತಟ್ಟೆಗೆ ಹಾಕುತ್ತಿದ್ದೆ. ಎಲ್ಲವೂ ಸವೆದವು, ಸವೆದದ್ದೇ ಬೇಕೆಂದು ಹುಡುಕಿ ಹುಡುಕಿ ತಂದವು. ಗುರುತೆಲ್ಲ ಅಳಿಸಿಹೋಗಿದೆಯೆಂದೇ ಅವು ನನಗೆ ಇಷ್ಟವಾಗಿದ್ದವು. ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ಅವಳು ಫೋನ್ ಕಾರ್ಡು ತಂದು ಊರಿನಲ್ಲಿರುವ ತನ್ನ ಅಮ್ಮನಿಗೆ ಕರೆ ಮಾಡಿದಳು, ಆ ಪಾವಲಿಯೂ ಅವರೇ ಕೊಟ್ಟದ್ದು. ಕೊಂಕಣಿಯಲ್ಲಿ ತುಂಬ ಹೊತ್ತು ಮಾತಾಡಿ ನನ್ನ ಕಡೆ ತಿರುಗಿದಳು. ‘ಅದ್ರಲ್ಲಿ ರಾಜ ಅಲ್ಲವಂತೆ, ರಾಣಿ ಅಂತೆ.’ ಇಬ್ಬರೂ ಕಿಟಕಿಯ ಬಳಿ ಹೋಗಿ ಒಂದೊಂದನ್ನೇ ಬೆಳಕಿಗೆ ಹಿಡಿದೆವು. ಮುಖವೆಂದು ಹೇಳಬಹುದಾದದ್ದು ಉಳಿದಿದ್ದದ್ದೇ ಎರಡರಲ್ಲಿ. ಒಂದರಲ್ಲಿ ತಲೆಯ ಕೆಳಭಾಗದಲ್ಲಿ ಒಂದು ಉಬ್ಬು. ಅವಳು ಅದು ತುರುಬು ಎಂದಳು. ನಾನು ಗಡ್ಡ ಎಂದೆ. ನಾಣ್ಯ ತಿರುಗಿಸಿ ಹಿಡಿದರೆ ಅವಳು ಗಡ್ಡ ಎಂದಳು, ನನಗೆ ತುರುಬಿನ ಹಾಗೆ ಕಂಡಿತು. ಫೋನಿನಲ್ಲಿದ್ದ ಅಮ್ಮ, ಇರಬಹುದು, ತನಗೂ ಈಗ ಸರಿಯಾಗಿ ನೆನಪಿಲ್ಲ ಎಂದು ಇನ್ನಷ್ಟು ಕೆಡಿಸಿದರು. ಅಷ್ಟರಲ್ಲಿ ಕಾರ್ಡು ಖಲಾಸ್ ಆಯಿತು.

‘ಒಂಬತ್ತನ್ನೂ ತಗೊಂಡು ಹೋಗು,’ ಎಂದೆ. ‘ನಿನ್ನದು ಅದ್ರಲ್ಲಿ ಇದ್ದೇ ಇರ್ತದೆ.’

‘ಬೇರೆಯವರದ್ದು ಹೇಗೆ ಹಾಕುವುದು? ಅವರ ಮನೆಯಲ್ಲಿ ಎಂತಕ್ಕೆ ಇಟ್ಟದ್ದೋ.’

‘ಹಾಗಾದ್ರೆ ಇನ್ನೊಂದು ಹೊಸತು ತೆಗೆದಿಡು.’

‘ಮೊದಲಿಂದು ಬಿಟ್ಟು ಹಾಗೆ ಮಾಡ್ಲಿಕ್ಕೆ ಆಗ್ತದಾ?’

ಅವಳ ಮಾತು ನನಗೆ ಸರಿಯೆನಿಸಿತು. ಈಗ ಯೋಚಿಸಿದರೆ ಆಶ್ಚರ್ಯ. ನಾನು ಹರಕೆ ಹೊರುವವಳಲ್ಲ, ಹೊರುವವರನ್ನು ಕಂಡರೆ ತಮಾಷೆ ಮಾಡುವವಳು. ಆ ದಿನ ಮಾತ್ರ, ಆ ಪಾವಲಿ ಸಿಗದಿದ್ದರೆ ಈ ಹುಡುಗನ ಮಾತು ನನ್ನ ಡಬ್ಬಿಯಲ್ಲೇ ಉಳಿದುಬಿಡುತ್ತದೆ ಎಂದು ಹೆದರಿದೆ. ಹೆದರಿದ್ದು ನಿಜ, ಸುಳ್ಳು ಹೇಳುವುದಿಲ್ಲ.

ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ನಮ್ಮ ಕಡೆ ದೇವಸ್ಥಾನದಲ್ಲಿ ಯಾವುದೂ ನಿರ್ಧಾರವಾಗದಿದ್ದರೆ ಚೀಟಿ ಬರೆದು ಹಾಕಿ ಚಿಕ್ಕ ಮಗುವಿನ ಕೈಯಲ್ಲಿ ಎತ್ತಿಸುತ್ತಾರೆ. ಮಗು ಎತ್ತಿದ್ದನ್ನು ಆಮೇಲೆ ಯಾರೂ ಪ್ರಶ್ನಿಸುವ ಹಾಗಿಲ್ಲ. ‘ಇವನೇ ಎತ್ತಲಿ,’ ಎಂದಳು. ತಟ್ಟೆಯನ್ನು ನೆಲದ ಮೇಲಿಟ್ಟೆವು. ಹುಡುಗ ಮುಚ್ಚಳಗಳನ್ನು ಬಿಟ್ಟು ಬಂದು ಕುಕ್ಕರಗಾಲಿನಲ್ಲಿ ಕೂತ. ಒಂಬತ್ತನ್ನೂ ಸಾಲಾಗಿ ಇಟ್ಟ. ಸಾಲು ನೋಡಿದ. ನಡುವಿನಿಂದ ಒಂದನ್ನು ಎತ್ತಿದ. ಅವಳು ಅಂಗೈ ಚಾಚಿದಳು. ಅವನು ಅವಳನ್ನು ದಾಟಿ ಬಂದು ಅದನ್ನು ನನ್ನ ಕೈಯಲ್ಲಿಟ್ಟ.

ನಾವಿಬ್ಬರೂ ಮುಖ ಮುಖ ನೋಡಿದೆವು. ಇದರ ಅರ್ಥ ಏನು? ಇದು ನಿಮ್ಮದು, ಉಳಿದ ಎಂಟರಲ್ಲಿ ಅಮ್ಮನದ್ದು ಇದೆ ಎಂದೋ? ಅಥವಾ ಇದೇ ಅಮ್ಮನದ್ದು, ತೆಗೆದುಕೊಂಡು ಹೋದ ನೀವೇ ನಿಮ್ಮ ಕೈಯಾರೆ ಕೊಡಿ ಎಂದೋ? ಅಥವಾ ಮಗು ಸುಮ್ಮನೆ ಕೊಟ್ಟದ್ದಕ್ಕೆ ನಾವು ತಲೆ ಕೆಡಿಸಿಕೊಳ್ಳುತ್ತಿದ್ದೇವೋ?

‘ಯಾಕೆ ಮಗ, ಆಂಟಿಗೆ ಯಾಕೆ ಕೊಟ್ಟದ್ದು?’ ಎಂದು ಅವಳು ಕೇಳಿದಳು. ಡಾಕ್ಟರ ಮಾತು ಮರೆತು ಕನ್ನಡದಲ್ಲೇ ಕೇಳಿದಳು. ಹೇಳಬಹುದಾಗಿದ್ದವನು ಅವನೊಬ್ಬನೇ. ಅವನು ನಮ್ಮಿಬ್ಬರನ್ನೂ ಒಂದು ಸಲ ನೋಡಿ, ತನ್ನ ಮುಚ್ಚಳಗಳ ಹತ್ತಿರ ಹೋಗಿ ಕೂತ. ಅವಳು ಅಳಲು ಶುರು ಮಾಡಿದಳು. ನಾನೂ ಅತ್ತೆ.

ಆ ಒಂದನ್ನು ನಾನು ಅವಳಿಗೆ ಕೊಟ್ಟೆ. ಅವಳು ಅದನ್ನೇ ತೆಗೆದಿಟ್ಟಳು, ಈ ಸಲ ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಕಟ್ಟಿ. ಉಳಿದ ಎಂಟನ್ನು ಪ್ರದರ್ಶನಕ್ಕಿಡಲು ನನಗೆ ಧೈರ್ಯ ಬರಲಿಲ್ಲ. ಸಂತೆ ಚೆನ್ನಾಗಿಯೇ ನಡೆಯಿತು. ಮಕ್ಕಳು ಗಂಟಲು ಹರಿಯುವ ಹಾಗೆ ಕೂಗಿ ಖರ್ಜೂರ ಮಾರಿದರು. ಪಾವಲಿಯ ತಟ್ಟೆಯಲ್ಲಿ ಮಾತ್ರ ಪ್ಲಾಸ್ಟಿಕ್ಕಿನವು ಇದ್ದವು. ಪ್ರಿನ್ಸಿಪಾಲರು ಅದನ್ನು ಎತ್ತಿ ನೋಡಿ, ‘ಕಡೆಗೆ ಇದೇ ಆಯಿತಲ್ಲ ಮೇಡಂ,’ ಎಂದು ನಕ್ಕರು. ಬೇರೆ ದಿನವಾಗಿದ್ದರೆ ಅವರಿಗೆ ಸರಿಯಾಗಿ ಬಿಸಿ ಮುಟ್ಟಿಸುತ್ತಿದ್ದೆ. ಮನೆಗೆ ಬಂದು ಎಂಟು ಪಾವಲಿಗಳನ್ನು ನನ್ನ ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿಟ್ಟೆ. ಗಂಡ ಏನದು ಎಂದು ಕೇಳಿದರು. ತೆಗೆದಿಟ್ಟದ್ದು ಎಂದೆ.

ಮುಂದಿನ ವರ್ಷ ಪಕ್ಕದ ಮನೆಯವರಿಗೆ ಮೆಸಯೀದ್‌ನಲ್ಲಿ ಕಂಪನಿಯ ಮನೆ ಸಿಕ್ಕಿ ಅವರು ಅಲ್ಲಿಗೆ ಹೋದರು. ಆಮೇಲೆ ಫೋನಿನಲ್ಲಷ್ಟೇ ಮಾತು. ಮಗನ ವಿಷಯ ನಾನು ಕೇಳುತ್ತಿರಲಿಲ್ಲ, ಕೇಳಲು ಭಯ. ಅವಳೂ ಹೇಳುತ್ತಿರಲಿಲ್ಲ. ಎರಡು ವರ್ಷ ಕಳೆದು ಒಂದು ದಿನ ಅವಳೇ ಕರೆ ಮಾಡಿ, ‘ಶುಕ್ರವಾರ ಮನೆಗೆ ಬನ್ನಿ ಟೀಚರಕ್ಕ. ಬರುವ ತಿಂಗಳು ಊರಿಗೆ ಹೋಗುವುದು, ಗೋವೆಗೆ ಸಹ,’ ಎಂದಳು. ಗೋವೆಗೆ ಎಂದರೆ! ನಾನು ಫೋನ್ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತೆ. ಶುಕ್ರವಾರ ಹೊರಡುವಾಗ ಎಂಟು ಪಾವಲಿಯ ಗಂಟನ್ನು ಚೀಲಕ್ಕೆ ಹಾಕಿಕೊಂಡೆ.

ಬಾಗಿಲು ತೆರೆದವನು ಅವನೇ. ಉದ್ದವಾಗಿದ್ದ, ಮುಂದಿನ ಹಲ್ಲೊಂದು ಬಿದ್ದಿತ್ತು. ‘ಅಮ್ಮಾ, ಟೀಚರ್ ಆಂಟಿ ಬಂದ್ರು!’ ಎಂದು ಒಳಗೆ ಕೂಗಿದ. ಎಷ್ಟು ದೊಡ್ಡ ಸ್ವರ! ನಾನು ಚಪ್ಪಲಿ ಬಿಡುವುದನ್ನು ಮರೆತು ಅಲ್ಲೇ ನಿಂತೆ. ಕೂತ ಮೇಲೂ ಅವನ ಮಾತು ನಿಲ್ಲಲಿಲ್ಲ. ಅಮ್ಮನೊಂದಿಗೆ ಕೊಂಕಣಿ, ಪಕ್ಕದ ಮನೆಯ ಮಕ್ಕಳಿಂದ ಕಲಿತ ಕನ್ನಡ, ನಡುವೆ ಇಂಗ್ಲಿಷು. ನಾನು ಚಹಾ ಕುಡಿಯಲು ತಡ ಮಾಡಿದರೆ ಯಲ್ಲಾ ಯಲ್ಲಾ ಎಂದು ನನ್ನನ್ನೇ ಅವಸರಪಡಿಸಿದ.

‘ಇಂಗ್ಲಿಷು ಬಿಟ್ಟುಬಿಟ್ಟೆ ಟೀಚರಕ್ಕ,’ ಎಂದಳು ಅವಳು. ‘ಬಾಯಿಗೆ ಬಂದದ್ದು ಮಾತಾಡಿದೆ. ಡಾಕ್ಟರಿಗೆ ಹೇಳ್ಲಿಲ್ಲ.’

ಅವಳು ಅರಿಶಿನದ ಬಟ್ಟೆ ತಂದು ಬಿಚ್ಚಿದಳು. ನಾನು ನನ್ನ ಗಂಟು ಬಿಚ್ಚಿದೆ. ಅವಳು ನನ್ನ ಗಂಟನ್ನು ನೋಡಿ ನನ್ನ ಕೈ ಒತ್ತಿದಳು. ಒಂಬತ್ತೂ ಮತ್ತೆ ಒಂದೇ ಮೇಜಿನ ಮೇಲೆ ಬಂದವು. ಗೋವೆಯಲ್ಲಿ ಹಾಕಬೇಕಾದದ್ದು ಯಾವುದು? ಆ ದಿನ ಇವನು ನನ್ನ ಕೈಯಲ್ಲಿಟ್ಟದ್ದೋ, ಬಿಟ್ಟ ಎಂಟರಲ್ಲಿ ಒಂದೋ? ಅಷ್ಟರಲ್ಲಿ ನನಗೆ ಹೊಳೆಯಿತು. ಈಗ ಕೇಳಬಹುದಲ್ಲ! ಕೇಳಿದರೆ ಹೇಳಬಲ್ಲವನು ಎದುರಿಗೇ ಇದ್ದಾನಲ್ಲ! ಅವನನ್ನು ಹತ್ತಿರ ಕರೆದು ಕೂರಿಸಿಕೊಂಡೆ.

‘ಮಗ, ನೀನು ಸಣ್ಣವನಿರುವಾಗ ಒಂದು ದಿನ ಇದ್ರಿಂದ ಒಂದು ಪಾವಲಿ ತೆಗೆದು ನನ್ನ ಕೈಯಲ್ಲಿ ಕೊಟ್ಟದ್ದು ನೆನಪುಂಟಾ? ಯಾಕೆ ಕೊಟ್ಟದ್ದು?’

ಅವನು ಒಂಬತ್ತನ್ನೂ ನೋಡಿದ. ನನ್ನನ್ನು ನೋಡಿದ. ‘ಯಾವ ಪಾವಲಿ?’ ಎಂದ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಗುತ್ತಲೇ ಒಂಬತ್ತನ್ನೂ ಒಟ್ಟಿಗೆ ಬಾಚಿ ಅರಿಶಿನದ ಬಟ್ಟೆಯಲ್ಲಿ ಹಾಕಿ, ಬೇರೆಯವರದ್ದೂ ಹೋಗಲಿ ಎಂದು ಗಂಟು ಹಾಕಿದಳು. ಅವನಿಗೆ ಮಾತ್ರ ಉತ್ತರ ಬೇಕಿತ್ತು. ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದ.

‘ಹೇಳಿ ಆಂಟಿ, ಯಾವ ಪಾವಲಿ?’

‘ಗೊತ್ತಿಲ್ಲ ಮಗ,’ ಎಂದೆ. ‘ನೀನು ಇನ್ನೊಮ್ಮೆ ಕೇಳು.’